ಅರ್ಧ ಲೋಟ ನೀರು

ಮೂರು ಸಾಲುಗಳಲ್ಲಿ ಮೂವತ್ತೆಂಟು ಹುಡುಗಿಯರು ಉಸಿರು ಬಿಗಿಹಿಡಿದು ನಿಂತಿದ್ದರು. ನರ್ಸಿಂಗ್ ಶಾಲೆಯಲ್ಲಿ ಅವರದು ಕೊನೆಯ ವಾರ. ಬಿಳಿ ಟೋಪಿಗಳ ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಅವರ ಗುಂಪು ಫೋಟೋ ತೆಗೆಯಲು ಬಂದಿದ್ದ ಅವಳು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಬ್ಯಾಟರಿ ತೆಗೆದು ಬೇರೆಯದನ್ನು ಹಾಕಿದಳು. ಹಿಂಬದಿಯ ಪರದೆ ಕಪ್ಪಗೇ ಇತ್ತು.

"ನಮ್ಮನ್ನ ನೋಡಿ ಮೂರ್ಛೆ ಹೋಯ್ತು ಕಣ್ರೇ, ಯಾರಾದ್ರೂ ನಾಡಿ ಹಿಡೀರಿ," ಎಂದಳು ಹಿಂದಿನ ಸಾಲಿನವಳೊಬ್ಬಳು.

ಬಿಗಿಹಿಡಿದ ಉಸಿರೆಲ್ಲ ಒಮ್ಮೆಗೇ ನಗುವಾಗಿ ಹೊರಬಿತ್ತು. ಅವಳೂ ನಕ್ಕಳು. ನಗುತ್ತಲೇ ಬ್ಯಾಟರಿಯ ಗೂಡಿನೊಳಗೆ ಇಣುಕಿದಾಗ ಮುಚ್ಚಳದ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿದ್ದು ಕಂಡಿತು. ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ಆಮೇಲೆ ನಗಲು ಆಗಲಿಲ್ಲ.

ನಾಳೆ ಬೆಳಿಗ್ಗೆ ಬರುತ್ತೇನೆಂದು ಮೇಲ್ವಿಚಾರಕಿಯನ್ನು ಬೇಡಿಕೊಂಡಳು. ನಾಳೆ ತಪ್ಪಿದರೆ ಇಲ್ಲ, ನಾಡಿದ್ದು ಇವರೆಲ್ಲ ಒಬ್ಬೊಬ್ಬರು ಒಂದೊಂದು ಆಸ್ಪತ್ರೆಗೆ ಚದುರಿಹೋಗುತ್ತಾರೆ ಎಂದು ಆಕೆ ಮುಖ ಗಂಟಿಕ್ಕಿ ಒಪ್ಪಿದರು.

ಮನೆಯಲ್ಲಿ ಇರುವವರು ಇಬ್ಬರೇ, ಅಕ್ಕ ಮತ್ತು ಅವಳು. ಕ್ಯಾಮೆರಾ ಅಕ್ಕನದು. ಇಪ್ಪತ್ತೇಳು ವರ್ಷ ಪತ್ರಿಕೆಗಾಗಿ ಬೆಂಕಿ, ನೆರೆ, ಮಂತ್ರಿಗಳ ಆಕಳಿಕೆ ಎಲ್ಲವನ್ನೂ ಹಿಡಿದವಳು ಅಕ್ಕ. ನಾಲ್ಕು ವರ್ಷದ ಹಿಂದೆ ಕೈನಡುಕ ಶುರುವಾದಾಗ ಕ್ಯಾಮೆರಾ ತಂಗಿಯ ಕೊರಳಿಗೆ ಬಂತು. ಅಲ್ಲಿಯವರೆಗೆ ಆಫೀಸಿನಲ್ಲಿ ಟೈಪು ಮಾಡಿಕೊಂಡಿದ್ದವಳು ನಲವತ್ತೆಂಟನೇ ವಯಸ್ಸಿನಲ್ಲಿ, ಅಕ್ಕನ ಕೈಲಿ ದಿನಾ ಬೈಸಿಕೊಂಡು, ಬೆಳಕು ನೋಡುವುದನ್ನು ಕಲಿತಳು. ನಡುಕದ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ಸೊಲ್ಲೆತ್ತುವಂತಿರಲಿಲ್ಲ. ಅಕ್ಕನ ಲೋಟದಲ್ಲಿ ಯಾವಾಗಲೂ ಅರ್ಧವೇ ನೀರು. ಅದನ್ನೂ ತಂಗಿ ಆಚೆ ತಿರುಗಿದಾಗಲೇ ಕುಡಿಯುವುದು. ಒಂದು ಕೆಲಸವನ್ನು ಮಾತ್ರ ಅಕ್ಕ ಬಿಟ್ಟುಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಲೆನ್ಸು ಬಿಚ್ಚಿ, ದೂಳು ಊದಿ, ಒರೆಸಿ, ಮತ್ತೆ ಜೋಡಿಸಿ ಚೀಲದಲ್ಲಿಡುತ್ತಿದ್ದಳು. ಹೆತ್ತ ಕೂಸಿಗೆ ಎಣ್ಣೆ ಹಚ್ಚುವಷ್ಟು ಹೊತ್ತು ಹಿಡಿಯುತ್ತಿತ್ತು.

ನೆನೆದ ಕ್ಯಾಮೆರಾವನ್ನು ಒಣಗಲೆಂದು ಅಕ್ಕಿಯಲ್ಲಿ ಹೂತಿಡುವವರನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಮೊಳಕೆ ಬರಲಿ ಅಂತ ಬಿತ್ತಿದಿರಾ ಎಂದು ಮುಖದ ಮೇಲೆ ಹೊಡೆದಂತೆ ಕೇಳುತ್ತಿದ್ದಳು. ನೀರು ಬಿದ್ದರೆ ಮೊದಲು ಬ್ಯಾಟರಿ ಕಳಚು, ಆನ್ ಮಾಡಿ ನೋಡುವ ಚಪಲ ಬೇಡ. ಅದು ಅಕ್ಕನ ಮೊದಲನೇ ಪಾಠ. ಆದರೆ ನಿನ್ನೆ ಸಂಜೆ, ಅನ್ನಕ್ಕೆ ಅಕ್ಕಿ ತಾನೇ ಅಳೆದು ಕೊಡುತ್ತೇನೆಂದು ಅಕ್ಕ ಹಟ ಹಿಡಿದಿದ್ದಳು. ಅಕ್ಕಿ ಡಬ್ಬಿಯ ಹತ್ತಿರ ತಂಗಿಯನ್ನು ಸುಳಿಯಗೊಟ್ಟಿರಲಿಲ್ಲ.

ಶಾಲೆಯಿಂದ ಅವಳು ನೇರ ಕ್ಯಾಮೆರಾ ರಿಪೇರಿಯ ಅಂಗಡಿಗೆ ಹೋದಳು. ರಿಪೇರಿಯವರು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಕ್ಕತಂಗಿಯರಿಗೆ ಈಗಲೂ ಗಡಿಯಾರದ ಮಾಮ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಒಂದೊಂದೇ ತಿರುಪು ಬಿಚ್ಚಿದರು. ಒಳಗೆ ಕಂದು ಕಲೆಗಳು, ಅವುಗಳ ಮೇಲೆ ಹಿಟ್ಟಿನಂಥ ಅಕ್ಕಿಯ ದೂಳು.

"ನೀರು ಬಿದ್ದಿದ್ದಕ್ಕೇ ಹೋಗಿಲ್ಲ ಕಣಮ್ಮ ಇದು. ಒದ್ದೆ ಇರೋವಾಗ್ಲೇ ಯಾರೋ ಆನ್ ಮಾಡಿದಾರೆ. ಒಳಗೆಲ್ಲ ಸುಟ್ಟಿದೆ," ಎಂದರು. ಆಮೇಲೆ ತಲೆ ಎತ್ತದೆಯೇ ಕೇಳಿದರು: "ಅಕ್ಕಂಗೆ ಗೊತ್ತಾ?"

ಅವಳು ಬಿಚ್ಚಿದ ತಿರುಪುಗಳನ್ನು ಒಟ್ಟುಗೂಡಿಸತೊಡಗಿದಳು. ಮಾಮ ಮತ್ತೇನೂ ಕೇಳದೆ ಕಪಾಟಿನಿಂದ ತಮ್ಮದೇ ಕ್ಯಾಮೆರಾ ತೆಗೆದು, ನಾಳೆಗೆ ಇಟ್ಟುಕೋ ಎಂದು ಅವಳ ಕೈಗಿತ್ತರು.

ಮನೆಯ ದಾರಿಯಲ್ಲಿ ಅವಳು ಬಿರಬಿರನೆ ನಡೆದಳು. ಕ್ಯಾಮೆರಾ ಹೋದರೆ ಹೋಗಲಿ, ಅಕ್ಕ ಒಂದು ಮಾತು ಹೇಳಬಾರದಿತ್ತೆ? ಅಷ್ಟು ಜನರೆದುರು ಪೆಚ್ಚಾಗಿ ನಿಲ್ಲುವುದಕ್ಕೆ ಬಿಟ್ಟಳಲ್ಲ! ಆದರೆ ತಿರುವಿನ ಹತ್ತಿರ ಬರುವಷ್ಟರಲ್ಲಿ ಬೇರೆಯದೇ ಕಣ್ಣಿಗೆ ಕಟ್ಟಿತು: ಉರುಳಿದ ಲೋಟ, ಬಾಯ್ತೆರೆದ ಕ್ಯಾಮೆರಾ, ಕಲಿಸಿದ ಪಾಠವನ್ನೇ ಮರೆತು ಮತ್ತೆ ಮತ್ತೆ ಗುಂಡಿ ಒತ್ತುತ್ತಿರುವ ಆ ಬೆರಳು. ನಿನ್ನ ಕೈಯಿಂದಲೇ ಆಯಿತು ಎಂದರೆ ಅಕ್ಕ ಇನ್ನು ಆ ಬಟ್ಟೆ ಹಾಸುವುದಿಲ್ಲ. ಹೇಳದಿದ್ದರೆ, ನಾಳೆ ಬೆಳಿಗ್ಗೆ ಮಾಮನ ಕ್ಯಾಮೆರಾ ಅದೇ ಮೇಜಿನ ಮೇಲೆ, ಅದೇ ಲೋಟದ ಪಕ್ಕ.

ಅಕ್ಕ ಮೇಜಿನ ಹತ್ತಿರವೇ ಕೂತಿದ್ದಳು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ತಂಗಿ ಮಾಮನ ಕ್ಯಾಮೆರಾವನ್ನು ಕೊರಳಿನಿಂದ ತೆಗೆಯಲಿಲ್ಲ. ಸತ್ತದ್ದನ್ನು ಮೇಜಿನ ಮೇಲಿಟ್ಟಳು.

"ಹೋಯ್ತಕ್ಕ. ನೀರು ಹೋಗಿದೆ ಒಳಗೆ." ಬರುತ್ತ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಎಲ್ಲೋ ಹೋದವು. "ನನ್ ಕೈಯಿಂದಾನೇ ಆಯ್ತು. ಬ್ಯಾಗಲ್ಲಿ ನೀರಿನ ಬಾಟ್ಲಿ ಮುಚ್ಚಳ ಸಡಿಲ ಇತ್ತು."

ಅಕ್ಕ ತುಂಬ ಹೊತ್ತು ಕ್ಯಾಮೆರಾವನ್ನೇ ನೋಡಿದಳು.

"ಆಮೇಲೆ ಆನ್ ಮಾಡಿದ್ಯಾ?"

"ಹೂಂ."

"ಯಾಕೆ ಮಾಡ್ದೆ?" ಅಕ್ಕನ ದನಿ ಏರಿತು. "ಎಷ್ಟು ಸಲ ಬಡ್ಕೊಂಡಿದೀನಿ, ಒದ್ದೆ ಇರೋವಾಗ ಮುಟ್ಬೇಡ ಅಂತ? ಕತ್ತೆ ವಯಸ್ಸಾಯ್ತು, ಅಷ್ಟೂ ಬುದ್ಧಿ ಬೇಡ್ವಾ? ಒಂದು ದಿನ ಸುಮ್ನೆ ಒಣಗೋಕೆ ಬಿಟ್ಟಿದ್ರೆ ಬದುಕ್ತಿತ್ತು ಅದು. ಬದುಕ್ತಿತ್ತು!"

ತಂಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾಲ್ಕು ವರ್ಷದಲ್ಲಿ ತಿಂದ ಬೈಗುಳಗಳಲ್ಲೆಲ್ಲ ಇಷ್ಟು ಕಟುವಾದದ್ದು ಇರಲಿಲ್ಲ. "ಹೆದರಿಕೆ ಆಯ್ತಕ್ಕ," ಎಂದಳು ಮೆಲ್ಲಗೆ. "ಇದೆಯೋ ಹೋಯ್ತೋ ಅಂತ ನೋಡ್ಬೇಕು ಅನ್ನಿಸ್ತು."

ಅಕ್ಕನ ಬಾಯಿ ಮತ್ತೇನೋ ಹೇಳಲು ತೆರೆದದ್ದು ಹಾಗೇ ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ನೀರು ಕೊಡೆ," ಎಂದಳು ಅಕ್ಕ.

ಅವಳು ಒಳಗೆ ಹೋಗಿ ಎಂದಿನಂತೆ ಅರ್ಧ ಲೋಟ ತಂದಿಟ್ಟು, ಎಂದಿನಂತೆ ಆಚೆ ತಿರುಗಿದಳು.

"ಪೂರ್ತಿ ತುಂಬ್ಸು. ಇಲ್ಲೇ ಕೂತ್ಕೋ."

ತುಂಬಿಸಿ ತಂದು ಎದುರಿಗೆ ಕೂತಳು. ಅಕ್ಕ ಸೆರಗಿನೊಳಗಿಂದ ಎರಡೂ ಕೈ ಹೊರತೆಗೆದು ಲೋಟ ಎತ್ತಿದಳು. ಅದು ಹಲ್ಲಿಗೆ ತಾಗಿ ಸಣ್ಣಗೆ ಸದ್ದು ಮಾಡಿತು. ನೀರು ಗದ್ದದಿಂದ ಇಳಿದು ಎದೆಯ ಮೇಲೆ, ಮಡಿಲ ಮೇಲೆ, ಮೇಜಿನ ಮೇಲೆ ಸುರಿಯಿತು. ತಂಗಿ ಕೈ ಚಾಚಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ. ಅಕ್ಕ ಕೊನೆಯ ಗುಟುಕಿನವರೆಗೂ ಕುಡಿದು ಲೋಟ ಕೆಳಗಿಟ್ಟಳು. ಚೆಲ್ಲಿದ ನೀರು ಮೇಜಿನುದ್ದಕ್ಕೂ ನಿಧಾನವಾಗಿ ಹರಿದು, ಕ್ಯಾಮೆರಾದ ಬುಡ ಮುಟ್ಟಿ, ಅದನ್ನು ಬಳಸಿಕೊಂಡು ಮುಂದೆ ಹೋಯಿತು. ಇಬ್ಬರಲ್ಲಿ ಯಾರೂ ಕ್ಯಾಮೆರಾವನ್ನು ಎತ್ತಲಿಲ್ಲ.