ಡೆರಿಕ್‌ನ ಕಂಪ್ಯೂಟರಿಗೆ ಬಂದವನು

ಯಾರೂ ಮುಟ್ಟಿರಲಿಲ್ಲ. ಸಂಜೆಯ ಜಪಮಾಲೆ ಮುಗಿಸಿ ಮೇಬಲ್ ಬಾಯಿ ತೀರಿಹೋದ ಮಗನ ಕೋಣೆಯಲ್ಲಿ ಕುಳಿತು, ಅವನ ಗೆಳೆಯರ ಸಂತಾಪದ ಇ-ಮೇಲ್‌ಗಳನ್ನು ಓದುತ್ತಿದ್ದರು. ಆಗ ಕಂಪ್ಯೂಟರಿನಲ್ಲಿ ಸಿ.ಡಿ. ಇಡುವ ತಟ್ಟೆ ತಾನಾಗಿ ಹೊರಗೆ ಬಂತು, ತಾನಾಗಿ ಒಳಗೆ ಹೋಯಿತು. ಅವರು ಶಿಲುಬೆಯ ಗುರುತು ಹಾಕಿಕೊಂಡು ಗಂಡನನ್ನು ಕೂಗಿದರು. ಮರುದಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: "ಅಳಬೇಡ ಮಮ್ಮಿ."

ಡೆರಿಕ್ ಉಚ್ಚಿಲದ ಹತ್ತಿರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದ. ಅಂದಿನಿಂದ ಅನ್ನ ಸೇರದಿದ್ದ ಮೇಬಲ್ ಬಾಯಿ ಆ ಸಾಲು ಕಂಡ ರಾತ್ರಿ ಹೊಟ್ಟೆ ತುಂಬ ಉಂಡರು. ಅಷ್ಟಕ್ಕೇ ಅವರ ಗಂಡ ಸಿಲ್ವೆಸ್ಟರ್ ಮಾಸ್ಟ್ರು ದೇವರಿಗೆ ಕೈಮುಗಿದು ಸುಮ್ಮನಾದರು. ಜೀವಮಾನವಿಡೀ ಗಣಿತ ಕಲಿಸಿದವರಾದರೂ, ಸತ್ತವರ ಆತ್ಮಗಳು ಪ್ರಾರ್ಥನೆ ಬೇಡಲು ಬರುತ್ತವೆ ಎಂದು ಅವರೂ ನಂಬಿದವರೇ. ಮೇಬಲ್ ಬಾಯಿ ಪ್ರತಿ ಸಂಜೆ ಟೆಲಿಫೋನ್ ತಂತಿ ಸಿಕ್ಕಿಸಿ ಇಂಟರ್ನೆಟ್ ಜೋಡಿಸಿ, ಒಂದೊಂದೇ ಅಕ್ಷರ ಹುಡುಕಿ ಮಗನಿಗೆ ಬರೆಯತೊಡಗಿದರು. ಒಮ್ಮೊಮ್ಮೆ ಉತ್ತರವೂ ಬರುತ್ತಿತ್ತು.

ನಡುವೆ ಅವರ ಊರು ಕಾಪುವಿನಲ್ಲಿ ಟೆಲಿಫೋನ್ ಲೈನ್ ಕೆಟ್ಟಿತು. ಅದು ಸರಿಯಾಗುವ ತನಕ ತಟ್ಟೆ ಅಲುಗಲಿಲ್ಲ. ಸರಿಯಾದ ಸಂಜೆಯೇ ಮತ್ತೆ ಹೊರಗೆ ಬಂತು. ಮಾಸ್ಟ್ರಿಗೆ ಅದು ಮುಳ್ಳಿನಂತೆ ಚುಚ್ಚಿತು.

"ಸ್ವರ್ಗದಿಂದ ಬರುವವನಿಗೆ ಟೆಲಿಫೋನ್ ಲೈನ್ ಯಾಕೆ ಬೇಕು ಮೇಬಲ್?"

"ನೀವು ಸಂತ ತೋಮಸನ ಪೈಕಿ ಮಾರಾಯ್ರೇ. ಶಿಲುಬೆಯ ಗಾಯಕ್ಕೆ ಬೆರಳು ಹಾಕದೆ ನಂಬುವವರಲ್ಲ."

"ತೋಮಸನಿಗೆ ತೋರಿಸಲಿಕ್ಕೆ ಗಾಯವಾದರೂ ಇತ್ತು. ಇಲ್ಲಿ ಎಂತ ಉಂಟು?"

"ಬ್ರೆಂಡಾಳಿಗೆ ಮಾತ್ರ ಹೇಳಬೇಡಿ. ಅವಳು ನಗುತ್ತಾಳೆ."

ಆದರೂ ಮಾಸ್ಟ್ರು ಅವಳಿಗೆ ಹೇಳಿದರು. ಮಗಳು ಬ್ರೆಂಡಾ ಮಣಿಪಾಲದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಳು. ಶನಿವಾರ ಬಂದವಳು, ತಾಯಿ ಅಡುಗೆಮನೆಗೆ ಹೋದ ಹೊತ್ತು ನೋಡಿ ಅಣ್ಣನ ಕಂಪ್ಯೂಟರಿನ ಮುಂದೆ ಕುಳಿತಳು. ನಗಲಿಲ್ಲ.

"ಪಪ್ಪಾ, ಈ ಮೇಣದಬತ್ತಿಯನ್ನು ತೆರೆದದ್ದು ಯಾರು?"

ಡೆರಿಕ್‌ನ ತಿಂಗಳ ಪೂಜೆಯ ಸಮಯದಲ್ಲಿ ಗುರುತಿಲ್ಲದ ಯಾರೋ ಇ-ಮೇಲ್ ಕಳಿಸಿದ್ದರು. ಅವನ ಆತ್ಮಶಾಂತಿಗೆ ಬತ್ತಿ ಹಚ್ಚಿದ್ದೇನೆ, ಒತ್ತಿ ನೋಡಿ ಎಂದು ಅದರಲ್ಲಿತ್ತು. ಮೇಬಲ್ ಬಾಯಿ ಒತ್ತಿದ್ದರು. ಪರದೆಯಲ್ಲಿ ಬತ್ತಿ ಚೆನ್ನಾಗಿಯೇ ಉರಿದಿತ್ತು. ಅದರ ಬೆನ್ನಿಗೆ ಇನ್ನೊಂದು ಪ್ರೋಗ್ರಾಂ ಒಳಗೆ ನುಸುಳಿತ್ತು. ಇಂಟರ್ನೆಟ್ ಜೋಡಿಸಿದೊಡನೆ, ಅದನ್ನು ಕಳಿಸಿದವನು ಎಲ್ಲೋ ಕುಳಿತು ತಟ್ಟೆ ತೆಗೆಯಬಹುದು, ಪರದೆಯಲ್ಲಿ ತೆರೆದಿದ್ದನ್ನು ನೋಡಬಹುದು, ಅದರ ಮೇಲೆ ಬರೆಯಬಹುದು, ಇಲ್ಲಿ ಒತ್ತಿದ ಪ್ರತಿ ಅಕ್ಷರವನ್ನೂ ಓದಬಹುದು ಎಂದು ಬ್ರೆಂಡಾ ಬಿಡಿಸಿ ಹೇಳಿದಳು.

"ಗುರುತಿಲ್ಲದವರು ಕಳಿಸಿದ್ದನ್ನು ತೆರೆಯಬಾರದು ಅಂತ ಎಷ್ಟು ಸಲ ಹೇಳಿದ್ದೆ ಪಪ್ಪಾ!"

"ಸತ್ತ ಮಗನಿಗೆ ಹಚ್ಚಿದ ಬತ್ತಿಯನ್ನು ಬೇಡ ಅಂತ ಯಾವ ತಾಯಿ ಹೇಳುತ್ತಾಳೆ?"

ಮಾಸ್ಟ್ರ ಮೈಯೆಲ್ಲ ಉರಿಯಿತು. ಮನೆಗೆ ಕಳ್ಳ ನುಗ್ಗಿದ್ದರೆ ಅವರು ಇಷ್ಟು ಕೆರಳುತ್ತಿರಲಿಲ್ಲ. ಕಳ್ಳನಿಗೂ ಸಾವಿನ ಮನೆಯೆಂದರೆ ಒಂದಿಷ್ಟು ಅಳುಕು ಇರುತ್ತದೆ. ಇವನು ಸಾವನ್ನೇ ಹಾರೆ ಮಾಡಿಕೊಂಡು ಬಾಗಿಲು ಮೀಟಿದ್ದ.

ಆಗಲೇ ತಟ್ಟೆ ಹೊರಗೆ ಬಂತು. ಬ್ರೆಂಡಾ ಟೆಲಿಫೋನ್ ತಂತಿಗೆ ಕೈ ಹಾಕಿದಳು. ಮಾಸ್ಟ್ರು ತಡೆದು, ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆದರು: "ನಾನು ಡೆರಿಕ್‌ನ ತಂದೆ. ನೀನು ಯಾರು?"

ತುಸು ಹೊತ್ತಿನ ಮೇಲೆ ಉತ್ತರ ಬಂತು: "ಸಾರಿ ಅಂಕಲ್. ಸುಮ್ಮನೆ ತಮಾಷೆಗೆ."

"ಅಂಕಲ್ ಅಂತೆ!" ಮಾಸ್ಟ್ರು ಮೇಜಿಗೆ ಗುದ್ದಿದರು. "ಹೆಣದ ಮೇಲಿನ ಬಟ್ಟೆ ಎಳೆದು ಆಟ ಆಡಿದವನಿಗೆ ನಾನು ಅಂಕಲ್ ಅಂತೆ!"

ಬಾಗಿಲಲ್ಲಿ ಮೇಬಲ್ ಬಾಯಿ ಸೌಟು ಹಿಡಿದು ನಿಂತಿದ್ದರು. ಪರದೆಯನ್ನು ಮರೆಮಾಡಲು ಬ್ರೆಂಡಾ ಎದ್ದು ನಿಂತಳು.

"ಸರಿ ಆಚೆ. ನನಗೂ ಇಂಗ್ಲಿಷ್ ಓದಲಿಕ್ಕೆ ಬರುತ್ತದೆ."

ಗಂಡನನ್ನು ಎಬ್ಬಿಸಿ ಕುಳಿತು, ಅವರು ಒಂದೊಂದೇ ಅಕ್ಷರ ಒತ್ತಿದರು: "ನೀನು ಯಾರ ಮಗ?"

ಉತ್ತರ ಬರಲಿಲ್ಲ. ಒಳಗೆ ಒಲೆಯ ಮೇಲಿನ ಗಂಜಿ ಉಕ್ಕಿ ಚುರುಗುಟ್ಟಿತು. ಯಾರೂ ಏಳಲಿಲ್ಲ.

"ಅವನು ಹೆದರಿ ಓಡಿದ, ಮಮ್ಮಿ," ಎಂದಳು ಬ್ರೆಂಡಾ.

"ನಾನು ಬರೆದದ್ದನ್ನೆಲ್ಲ ಇವನು ಓದಿದನಾ?"

"ಹೌದು ಮಮ್ಮಿ."

"ಹಾಗಾದರೆ ಡೆರಿಕ್ ಒಂದನ್ನೂ ಓದಲಿಲ್ಲ."

ಬ್ರೆಂಡಾ ಟೆಲಿಫೋನ್ ತಂತಿ ಕಿತ್ತಳು. ಆ ಪ್ರೋಗ್ರಾಂನ ಬೇರು ಉಳಿಯದಂತೆ ಎಲ್ಲವನ್ನೂ ಶುದ್ಧ ಮಾಡುತ್ತೇನೆ, ಅಲ್ಲಿಯ ತನಕ ಜೋಡಿಸಬೇಡಿ ಎಂದಳು.

"ನಾನು ಪೊಲೀಸರ ಹತ್ತಿರ ಹೋಗುತ್ತೇನೆ," ಎಂದರು ಮಾಸ್ಟ್ರು. "ಅವನು ಯಾವ ಬಿಲದಲ್ಲಿದ್ದರೂ ಬಿಡುವುದಿಲ್ಲ."

"ಹೋಗಿ. ಬಿಡಲೇಬೇಡಿ." ಮೇಬಲ್ ಬಾಯಿ ಸೌಟನ್ನು ಮಗಳ ಕೈಗೆ ಕೊಟ್ಟು ಸೀರೆ ಸರಿಪಡಿಸಿಕೊಂಡರು. "ಮೊದಲು ನನ್ನ ಜೊತೆ ಇಗರ್ಜಿಯ ಸ್ಮಶಾನಕ್ಕೆ ಬನ್ನಿ. ಗೇಟು ಹಾಕುವ ಮುಂಚೆ ಡೆರಿಕ್‌ನ ಗೋರಿಯ ಹತ್ತಿರ ಕೂರಬೇಕು. ಅವನಿಗೆ ಎಲ್ಲ ಮೊದಲಿನಿಂದ ಹೇಳಲಿಕ್ಕುಂಟು."

ಮಾಸ್ಟ್ರು ಚಪ್ಪಲಿ ಮೆಟ್ಟಿದರು. ಮೇಬಲ್ ಬಾಯಿ ಆಗಲೇ ಅಂಗಳ ದಾಟಿದ್ದರು.