ದಂಟಿನ ಸೊಪ್ಪಿನ ಪಥ್ಯ

ತುಂಗಮ್ಮ ಬಿ.ಪಿ. ಮಾತ್ರೆಯ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದಕ್ಕೆ ತಳ್ಳಿದ್ದು ಸೊಸೆ ಹಂಸಾಳ ಕಣ್ಣಿಗೆ ಬಿತ್ತು. ಹೋದ ವರ್ಷ ಅತ್ತೆ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದ ಮೇಲೆ ಅವಳು ದಿನಾ ಮಾತ್ರೆ ಎಣಿಸುತ್ತಿದ್ದಳು; ಆದರೂ ವಾರಕ್ಕೆ ಎರಡಾದರೂ ಉಳಿದಿರುತ್ತಿದ್ದವು.

“ಚೌಳಹಿರಿಯೂರಿನ ನಾಟಿ ವೈದ್ಯ ಬೆನಕಪ್ಪ ಪುಡಿ ಕೊಟ್ಟವ್ನೆ ಕಣೇ. ಬೀರೂರಿನ ಈರಕ್ಕಂಗೆ ಎಂಟೇ ದಿನಕ್ಕೆ ವಾಸಿಯಾಯ್ತು. ಇನ್ನು ಮಾತ್ರೆ ಬ್ಯಾಡ.”

“ವಾಸಿಯಾಗದವರು ಎಷ್ಟು ಜನ ಅತ್ತೆ?”

“ವಾಸಿಯಾಗದವ್ರು ಬಂದು ಯಾಕೆ ಹೇಳ್ತಾರೆ?”

ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಹಂಸಾ ಮೂರು ವರ್ಷ ಓದಿದ್ದು ಆ ಒಂದು ಮಾತಿನಲ್ಲಿತ್ತು.

ಜಗಳವಾಡಿದರೆ ಅತ್ತೆಯ ಬಿ.ಪಿ. ಏರುತ್ತದೆ. ಹಾಗಾಗಿ ಪಂದ್ಯ ಕಟ್ಟಿದಳು. ಭಜನಾ ಮಂಡಳಿಯಲ್ಲಿ ಬಿ.ಪಿ. ಇರುವವರು, ಅತ್ತೆಯೂ ಸೇರಿ, ಎಂಟು ಜನ. ಚೀಟಿ ಎತ್ತಿ ನಾಲ್ವರಿಗೆ ಬೆನಕಪ್ಪನ ಪುಡಿ, ನಾಲ್ವರಿಗೆ ಬರೀ ಸೊಪ್ಪಿನ ಪುಡಿ. ಹದಿನೈದು ದಿನ ಯಾರೂ ಮಾತ್ರೆ ಬಿಡುವಂತಿಲ್ಲ. ಬೆನಕಪ್ಪ ಗೆದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸುವುದು. ಸೋತರೆ ತುಂಗಮ್ಮ ತೆಪ್ಪಗೆ ನುಂಗುವುದು.

ಯಾರ ಡಬ್ಬಿಯಲ್ಲಿ ಏನಿದೆಯೆಂದು ಒಬ್ಬರೂ ಕೇಳಲಿಲ್ಲ. ನಾಟಿ ಔಷಧಿಯ ಹೆಸರು ಬಾಯಿಬಿಟ್ಟರೆ ಅದು ಹಿಡಿಯುವುದಿಲ್ಲವಲ್ಲ! ಹಂಸಾ ಹಿತ್ತಲಿನ ದಂಟಿನ ಸೊಪ್ಪು ಒಣಗಿಸಿ, ಕಹಿಗೆ ಚೂರು ಮೆಂತ್ಯ ಸೇರಿಸಿ ಪುಡಿ ಮಾಡಿದಳು; ಡಬ್ಬಿಗಳಿಗೆ ನಂಬರ್ ಹಾಕಿದಳು.

ಹದಿನಾರನೆಯ ದಿನ ಮೆಷಿನ್ ಕಟ್ಟಿ ನೋಡಿದರೆ ಎಂಟೂ ಜನರಿಗೆ ಇಳಿದಿತ್ತು, ಎರಡು ಗುಂಪಿಗೂ ಒಂದೇ ಸಮ. ಇಳಿಯದೆ ಏನು? ಅವರೆಲ್ಲ ಹದಿನೈದು ದಿನ ಒಂದೇ ಸಮನೆ ಮಾತ್ರೆ ನುಂಗಿದ್ದು ಇದೇ ಮೊದಲು.

“ನೋಡ್ದಾ ನಮ್ ಬೆನಕಪ್ಪನ್ನ!” ಎಂದರು ತುಂಗಮ್ಮ.

“ಅತ್ತೆ, ನಿಮ್ಮದು ಆರನೇ ನಂಬರು. ಅದು ನಾನು ಮಾಡಿದ್ದು. ಬರೀ ದಂ—”

“ಅಯ್ಯೋ, ಹೆಸ್ರು ಹೇಳ್ಬ್ಯಾಡ್ವೇ!” ಪಕ್ಕದ ಮನೆಯ ಜವರಮ್ಮ ಹಂಸಾಳ ಬಾಯಿ ಮುಚ್ಚಿದಳು. “ತುಂಗಕ್ಕ, ನಿಮ್ ಸೊಸೆ ಕೈಗುಣ ಬೆನಕಪ್ಪಂಗೆ ಸರಿಸಮ ಕಣ್ರೀ!”

“ಹಂಗಾರೆ ಇನ್ನು ಮಾತ್ರೆ ಯಾಕೆ? ನೀನೇ ಮಾಡ್ಕೊಡು,” ಎಂದರು ತುಂಗಮ್ಮ.

ಹಂಸಾ ಎರಡು ಸಲ ಬಿಡಿಸಿ ಹೇಳಲು ಹೋದಳು. ಎರಡು ಸಲವೂ ಎಂಟೂ ಜನ ಕಿವಿ ಮುಚ್ಚಿಕೊಂಡರು. ಕೊನೆಗೆ, ತೀರಾ ಸುಳ್ಳಾಗದ ಒಂದು ಮಾತು ಹುಡುಕಿದಳು.

“ಕೊಡ್ತೀನಿ. ಆದರೆ ಪಥ್ಯ ಇದೆ.”

ಎಲ್ಲರೂ ನೆಟ್ಟಗೆ ಕೂತರು. ಪಥ್ಯವಿಲ್ಲದ ಔಷಧಿಯನ್ನು ಅವರು ನಂಬಿದವರೇ ಅಲ್ಲ.

“ಡಾಕ್ಟರು ಸಾಕು ಅನ್ನೋ ತನಕ ಬೆಳಗಿನ ಮಾತ್ರೆ ಒಂದು ದಿನವೂ ತಪ್ಪಬಾರದು.”

ತುಂಗಮ್ಮ ಮಾತ್ರೆಯ ಡಬ್ಬಿಯನ್ನು ದೇವರ ಗೂಡಿನಲ್ಲಿ, ಪುಡಿಯ ಡಬ್ಬಿಯ ಪಕ್ಕಕ್ಕೆ ಭಕ್ತಿಯಿಂದ ಇಟ್ಟರು. “ಅಷ್ಟೇನಾ? ಉಪ್ಪು ಹುಳಿ ಬಿಡು ಅಂತೀಯೇನೋ ಅಂತ ಹೆದ್ರಿದ್ದೆ.”

“ಉಪ್ಪೂ ಕಮ್ಮಿ, ಅತ್ತೆ,” ಎಂದು ಹಂಸಾ ಮೆಲ್ಲಗೆ ಸೇರಿಸಿದಳು.