ಜಗಳೂರಿನ ಕೆಂಪು ಟ್ರ್ಯಾಕ್ಟರ್

2025ರ ಮೇ 4, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಜಗಳೂರಿನ ಹೊರಗೆ ಹೊಲದ ಮನೆಯೊಂದರ ಮುಂದೆ, ಬೇವಿನ ಮರದ ಕೆಳಗೆ ನಿಂತಿದ್ದ ಹಳೇ ಟ್ರ್ಯಾಕ್ಟರಿನ ಎಂಜಿನ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಕೊಳ್ಳುವವರು ಬರುವ ಮುಂಚೆ ಒಂದು ಸಲ ಓಡಿಸಿ ಬಿಸಿ ಮಾಡಿಟ್ಟರೆ ಹಳೇ ಎಂಜಿನ್ನಿನ ಅರ್ಧ ರೋಗ ಮುಚ್ಚಿಹೋಗುತ್ತದೆ. ಅದಕ್ಕೇ ನಾವು ಚನ್ನಗಿರಿಯಿಂದ ನಸುಕಿನಲ್ಲೇ ಹೊರಟಿದ್ದೆವು.

“ಏನವ್ವಾ, ಜ್ವರ ನೋಡ್ತೀಯಾ?” ಅಂದರು ಕೊಟ್ರಮ್ಮ. ಟ್ರ್ಯಾಕ್ಟರ್ ಅವರದು. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಎಲೆಅಡಿಕೆ.

“ಜ್ವರ ಇಲ್ಲಮ್ಮ. ಅದೇ ಬೇಕಾಗಿತ್ತು.”

“ಹೆಂಗಿರ್ತೈತೆ? ನೀನು ಫೋನ್‌ನಾಗೆ ಹೇಳಿದ ಮೇಲೆ ಯಾರನ್ನೂ ಮುಟ್ಟಾಕೆ ಬಿಟ್ಟಿಲ್ಲ. ನನ್ನ ಮಗ ನಗ್ತಿದ್ದ, ಹೆಣ್ಣು ನೋಡಾಕೆ ಬರೋರೂ ಇಷ್ಟು ಕಂಡೀಷನ್ ಹಾಕಲ್ಲ ಅಂತ.”

ನನ್ನ ಗಂಡ ಓಂಕಾರ್ ಜೋರಾಗಿ ನಕ್ಕರು. ಚನ್ನಗಿರಿಯಲ್ಲಿ ಅವರದು ಔಷಧಿ ಅಂಗಡಿ. ಟ್ರ್ಯಾಕ್ಟರಿಗೂ ಅವರಿಗೂ ಇದ್ದ ಸಂಬಂಧವೆಂದರೆ ರಸ್ತೆಯಲ್ಲಿ ಅದರ ಹಿಂದೆ ಸಿಕ್ಕಿಕೊಂಡಾಗ ಬೈಯುವುದು ಮಾತ್ರ. ನಾನು ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ.

ನನಗೆ ಟ್ರ್ಯಾಕ್ಟರಿನ ಹುಚ್ಚಿರಲಿಲ್ಲ. ಬೇಕಾಗಿದ್ದದ್ದು ಹದ. ನನ್ನ ತವರು ಸವಳಂಗದ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ನಾಲ್ಕು ಎಕರೆ ನನ್ನ ಪಾಲಿಗೆ ಬಂತು. ಬಂತು ಎನ್ನುವುದು ಸರಿಯಲ್ಲ, ಕೇಳಿ ಪಡೆದೆ. ಹಕ್ಕು ಬಿಟ್ಟುಕೊಟ್ಟೆ ಎಂದು ಸಹಿ ಹಾಕುವುದಕ್ಕೆ ನನ್ನಣ್ಣ ಮರುಳಪ್ಪ ಪೆನ್ನು ಮುಂದೆ ಹಿಡಿದಾಗ, ಅದರ ಕ್ಯಾಪು ಮುಚ್ಚಿ ಅವನ ಜೇಬಿಗೇ ಸಿಕ್ಕಿಸಿದೆ. ಅವತ್ತಿನಿಂದ ಅವನು ಪಂಚಮಿ ಹಬ್ಬಕ್ಕೆ ನನ್ನನ್ನು ಕರೆಯಲು ಬರುವುದು ನಿಂತಿತು. ಅವನ ಜೊತೆಗಿರುವ ಅವ್ವ ಫೋನಿನಲ್ಲಿ ಹಬ್ಬದಡಿಗೆ ಏನೇನು ಮಾಡಿದೆವೆಂದು ಹೇಳಿ ಅಳುತ್ತಿದ್ದಳು.

ಹಬ್ಬ ತಪ್ಪಿದ್ದನ್ನು ಸಹಿಸಬಹುದಿತ್ತು. ಉಳುಮೆ ತಪ್ಪಿದ್ದನ್ನು ಹೊಲ ಸಹಿಸುವುದಿಲ್ಲ. ನಮ್ಮೂರಿನಲ್ಲಿ ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದರೆ, ಟ್ರ್ಯಾಕ್ಟರ್ ಇದ್ದವರು ಮೊದಲು ತಮ್ಮದು, ಆಮೇಲೆ ಅಣ್ಣತಮ್ಮಂದಿರದು, ಆಮೇಲೆ ನೆಂಟರದು, ಕಟ್ಟಕಡೆಗೆ ಬಾಡಿಗೆಯವರದು ಉಳುತ್ತಾರೆ. ಇದು ಎಲ್ಲರಿಗೂ ಬಾಯಿಪಾಠ. ಕೊಟ್ಟ ಹೆಣ್ಣು ತವರೂರಲ್ಲಿ ಹೊಲ ಇಟ್ಟುಕೊಂಡರೆ ಅವಳು ಈ ಸರದಿಯಲ್ಲಿ ಎಲ್ಲಿ ನಿಲ್ಲಬೇಕೆಂದು ಯಾರೂ ಯೋಚಿಸಿರಲಿಲ್ಲ. ಹಾಗೆ ಇಟ್ಟುಕೊಂಡವಳು ಅಲ್ಲಿ ನಾನೇ ಮೊದಲು. ಬೇರೆ ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿದರೆ, “ನಿಮ್ಮಣ್ಣಗೆ ಒಂದು ಮಾತು ಹೇಳಿಸ್ರಿ ಅಕ್ಕಾ, ಬರ್ತೀವಿ” ಎನ್ನುತ್ತಿದ್ದರು. ಒಂದು ವರ್ಷ ನ್ಯಾಮತಿಯಿಂದ ಟ್ರ್ಯಾಕ್ಟರ್ ಕರೆಸಿದೆ. ನನ್ನ ಹೊಲಕ್ಕೆ ಹೋಗಲು ಅಣ್ಣನ ಹೊಲ ದಾಟಬೇಕು. ಅಷ್ಟರಲ್ಲಿ ಅವನದು ಬಿತ್ತನೆಯಾಗಿತ್ತು. “ಮೊಳಕೆ ತುಳಿಸ್ಲಾ?” ಎಂದು ಬದುವಿನ ಮೇಲೆ ಅಡ್ಡ ನಿಂತ. ಪ್ರತಿವರ್ಷ ನನ್ನ ಸರದಿ ಬರುವಾಗ ಮಣ್ಣು ಒಣಗಿ ಹೆಂಟೆಗಟ್ಟಿರುತ್ತಿತ್ತು. ಮೆಕ್ಕೆಜೋಳ ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ.

ಉಳಿದ ದಾರಿ ಒಂದೇ. ಅಣ್ಣ ಬಿತ್ತುವ ಮೊದಲೇ, ಮಳೆಗೂ ಮೊದಲೇ, ನನ್ನದೇ ಹೊಲದಲ್ಲಿ ನನ್ನದೇ ಟ್ರ್ಯಾಕ್ಟರ್ ನಿಂತಿರಬೇಕು. ಹೊಸದು ನಮ್ಮ ಕೈಗೆ ಎಟುಕುವುದಲ್ಲ. ಹೀಗೆ ಜಗಳೂರಿನ ಈ ಕೆಂಪು ಗಾಡಿ. 1981ರದು, ಎರಡು ಸಿಲಿಂಡರ್, ಇಪ್ಪತ್ತೈದು ಎಚ್‌ಪಿ. ಕೊಟ್ರಮ್ಮನ ಮಗ ಹೊಸದು ತಂದ ಮೇಲೆ ಇದು ಮರದ ನೆರಳಿಗೆ ಬಂದಿತ್ತು.

ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಮೊದಲು ಬಿಳಿ ಹೊಗೆ, ನಿಮಿಷದೊಳಗೆ ತೆಳು ಬೂದು. ನೀಲಿ ಹೊಗೆ ಬಂದಿದ್ದರೆ ಆಯಿಲ್ ಸುಡುತ್ತಿದೆ ಎಂದರ್ಥ, ಬರಲಿಲ್ಲ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೊಂದು ಕಾಗದ ಹಿಡಿದೆ. ಪಿಸ್ಟನ್ ಸವೆದಿದ್ದರೆ ಒಳಗಿನ ಗಾಳಿ ಕಾಗದವನ್ನು ಎಸೆದುಬಿಡುತ್ತದೆ. ಸ್ವಲ್ಪ ನಡುಗಿತು, ಅಷ್ಟೆ. ಹಿಂದೆ ನೇಗಿಲು ಸಿಕ್ಕಿಸಿ ಎತ್ತಿಸಿ, ಎಂಜಿನ್ ಆಫ್ ಮಾಡಿಸಿ, ಬೇವಿನ ಕಾಂಡದ ಮೇಲೆ ಸೀಮೆಸುಣ್ಣದಿಂದ ಅದರ ಎತ್ತರ ಗುರುತು ಮಾಡಿದೆ. ಎತ್ತುವ ಹೈಡ್ರಾಲಿಕ್ ಸವೆದಿದ್ದರೆ ನೇಗಿಲು ತಾನಾಗಿ ನೆಲಕ್ಕೆ ಕುಸಿಯುತ್ತದೆ. ಕೊಟ್ರಮ್ಮ ಕೊಟ್ಟ ಮಂಡಕ್ಕಿ ತಿಂದು ಬರುವಷ್ಟರಲ್ಲಿ ಎರಡು ಬೆರಳಷ್ಟು ಇಳಿದಿತ್ತು. ನಲವತ್ತು ದಾಟಿದ ಗಾಡಿಗೆ ಅದು ಮರ್ಯಾದೆಯ ಇಳಿತ.

“ಪಾಸಾತಾ?” ಅಂದರು ಕೊಟ್ರಮ್ಮ.

“ಪಾಸು. ಸ್ಟೇರಿಂಗ್ ಸ್ವಲ್ಪ ಸಡಿಲ.”

“ನನ್ನ ಗಂಡನ ನಾಲಿಗೆನೂ ಸಡಿಲ ಇತ್ತು, ನಲವತ್ತು ವರ್ಷ ಸಂಸಾರ ಮಾಡಿಲ್ವಾ? ಗಟ್ಟಿಯಾಗಿ ಹಿಡ್ಕೊಂಡ್ರೆ ಎಲ್ಲಾ ನೆಟ್ಟಗೆ ಹೋಗ್ತೈತೆ.”

ಬೆಲೆಯ ಮಾತು ಮುಗಿಯಿತು. ಶುಕ್ರವಾರ ಬಂದು ಒಯ್ಯುತ್ತೇವೆ ಎಂದೆ. ಗಾಡಿ ಓಡಿಸಲು ಹೊನ್ನಾಳಿಯ ಮಾಲತೇಶ್ ಎಂಬ ಡ್ರೈವರನ್ನು ಮೊದಲೇ ಮಾತಾಡಿಸಿದ್ದೆ. ಅವನು ಯಾರ ಬಳಿ ಬಾಯಿ ಬಿಟ್ಟನೋ, ಬುಧವಾರ ಸಂಜೆ ಮರುಳಪ್ಪ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಮೂರು ವರ್ಷದಲ್ಲಿ ಮೊದಲ ಸಲ.

“ಏನ್ ಶಾಂತಲಾ, ಗುಜರಿ ಅಂಗಡಿ ಇಡ್ತೀಯಂತೆ?”

“ಇರೋದು ಒಂದೇ ಗಾಡಿ ಅಣ್ಣ. ಅಷ್ಟಕ್ಕೆ ಅಂಗಡಿ ಆಗಲ್ಲ.”

“ಕೂತ್ಕೊಳ್ರಿ ಭಾವ, ಕಾಫಿ ಕುಡೀರಿ” ಎಂದರು ಓಂಕಾರ್.

“ನನ್ನ ಮರ್ಯಾದೆ ತೆಗಿಯಾಕೆ ಹೊಂಟಾಳೆ ನಿನ್ನ ಹೆಂಡ್ತಿ. ನಾನು ಕಾಫಿ ಕುಡೀಲಾ?” ಎಂದವನು ಕೂತ, ಕುಡಿದ. ಲೋಟ ಕೆಳಗಿಟ್ಟಾಗ ಅವನ ದನಿ ಬದಲಾಗಿತ್ತು. “ನೋಡಮ್ಮ, ನನ್ನ ಮನೆ ಮುಂದೆ ಐವತ್ತು ಎಚ್‌ಪಿ ಗಾಡಿ ನಿಂತಿರುವಾಗ ತಂಗಿ ಎಲ್ಲಿಂದಲೋ ಡಕೋಟ ತಂದು ಹೊಲದಾಗೆ ನಿಲ್ಲಿಸಿದ್ಲು ಅಂದ್ರೆ, ಊರಾಗೆ ನಾನು ಹೆಂಗೆ ತಿರುಗಾಡ್ಲಿ? ಅವ್ವ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಈ ಸಲ ನಿಂದೇ ಮೊದಲು ಉಳ್ತೀನಿ. ನನ್ನ ಹೊಲಕ್ಕಿಂತ ಮೊದಲು. ಸಾಕಾ?”

“ನಿನ್ನ ಹೊಲಕ್ಕಿಂತ ಮೊದಲು?”

“ಅವ್ವನ ಆಣೆ. ಮನೆ ಮಗಳಲ್ಲೇನು ನೀನು?”

ಅವನು ಹೋದ ಮೇಲೆ ಓಂಕಾರ್ ತುಂಬಾ ಹಗುರಾಗಿದ್ದರು. ಡ್ರೈವರ್, ಡೀಸೆಲ್, ರಿಪೇರಿ, ನನ್ನ ಶಾಲೆ; ನಾಲ್ಕು ಎಕರೆಗೆ ಒಂದು ಟ್ರ್ಯಾಕ್ಟರ್ ಸಾಕುವುದು ಎಷ್ಟು ಸರಿ ಎಂದು ಒಂದೊಂದಾಗಿ ಹೇಳಿದರು. ಒಂದೂ ತಪ್ಪು ಮಾತಲ್ಲ. ಆದರೆ ನಾನು ಒಪ್ಪಿದ್ದು ಅವುಗಳಿಗಾಗಿ ಅಲ್ಲ. ಆ ಸರದಿಯಲ್ಲಿ ನನಗೊಂದು ಜಾಗ ಸಿಕ್ಕಿತ್ತು, ಅದೂ ಎಲ್ಲರಿಗಿಂತ ಮುಂದೆ. ಟ್ರ್ಯಾಕ್ಟರ್ ನನಗೆ ಉಳುಮೆ ಕೊಡುತ್ತಿತ್ತು, ಆ ಜಾಗ ಕೊಡುತ್ತಿರಲಿಲ್ಲ. ಎರಡರಲ್ಲಿ ನನಗೆ ಯಾವುದು ಹೆಚ್ಚು ಬೇಕಾಗಿತ್ತು ಎನ್ನುವುದು ನನಗಿಂತ ಮೊದಲು ಅಣ್ಣನಿಗೆ ತಿಳಿದಿತ್ತು.

ಕೊಟ್ರಮ್ಮನಿಗೆ ಫೋನ್ ಮಾಡಿದೆ.

“ಯಾಕವ್ವಾ? ಮತ್ತೇನು ಐಬು ಕಾಣ್ತು?”

“ಗಾಡಿ ಚೆನ್ನಾಗಿದೆಯಮ್ಮ. ನಮ್ಮಣ್ಣ ತಾನೇ ಉಳ್ತೀನಿ ಅಂದಿದಾನೆ. ಈ ಸಲ ಮೊದಲು ನನ್ನದೇ ಅಂತೆ.”

ಆ ಕಡೆ ಎಲೆಅಡಿಕೆ ಉಗಿದ ಸದ್ದು ಕೇಳಿಸಿತು.

“ನನ್ನ ಗಾಡಿಗೆ ಅಷ್ಟು ಪರೀಕ್ಷೆ ಮಾಡಿದೆ. ನಿಮ್ಮಣ್ಣಗೆ ಏನು ಮಾಡಿದೆ?”

ಫೋನ್ ಇಟ್ಟುಬಿಟ್ಟರು. ಆಮೇಲೆ ಆ ಗಾಡಿ ಬೇರೆಯವರ ಪಾಲಾಯಿತು.

ಮೇ ಮೂರನೇ ವಾರ ಎರಡು ದಿನ ಒಳ್ಳೆ ಮಳೆಯಾಯಿತು. “ಹದ ಬಂದೈತೆ, ಬಾ” ಎಂದು ಅಣ್ಣನೇ ಫೋನ್ ಮಾಡಿದ. ನಾನು ಸವಳಂಗದಲ್ಲಿ ಬಸ್ಸಿಳಿದು ಹೊಲಕ್ಕೆ ಹೋಗುವಾಗ ಒಂಬತ್ತೂವರೆ. ಅವನ ಟ್ರ್ಯಾಕ್ಟರ್ ನನ್ನ ಹೊಲದಲ್ಲಿ ಕೊನೆಯ ಸುತ್ತು ಹಾಕುತ್ತಿತ್ತು, ಹಿಂದೆ ರೋಟರಿ. ರೋಟರಿ ಮೇಲಿನ ಮಣ್ಣನ್ನು ಪುಡಿ ಮಾಡುತ್ತದೆ, ಅಷ್ಟೆ. ಆಳಕ್ಕೆ ಉಳಬೇಕಾದರೆ ಅದಕ್ಕೂ ಮೊದಲು ರೆಂಟೆ ಹೊಡೆಯಬೇಕು.

“ರೆಂಟೆ?” ಎಂದು ಕೇಳಿದೆ.

“ನಿನ್ನೆ ಸಂಜೆನೇ ಹೊಡೆದಾತು. ನೀನು ಬರಾವರೆಗೆ ಕಾಯಬೇಕಿತ್ತಾ? ಮಣ್ಣು ನೋಡು, ರೊಟ್ಟಿ ತಟ್ಟಬಹುದು.”

ನಿಜ, ಹಿಟ್ಟಿನಂತಿತ್ತು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು, ಬೆರಳು ತಾಗಿಸಿದರೆ ಬಿಡಿಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಅವನ ಹೊಲಕ್ಕೆ ಇನ್ನೂ ನೇಗಿಲು ಬಿದ್ದಿರಲಿಲ್ಲ. ಅವ್ವ ಬದುವಿನ ಮೇಲೆ ಕೂತು ಕುಂಕುಮದ ಪೊಟ್ಟಣ ಬಿಚ್ಚುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ನಮ್ಮೂರಿನ ಹಾಲೇಶಪ್ಪ ಬೈಕ್ ನಿಲ್ಲಿಸಿದ.

“ಏನ್ರೀ ಮರುಳಪ್ಪ, ತಂಗಿ ಹೊಲ ಮೊದಲಾ?”

“ಮತ್ತೆ? ಮನೆ ಮಗಳು ಕಣಪ್ಪ” ಎಂದ ಅಣ್ಣ, ಇಡೀ ಬಯಲಿಗೆ ಕೇಳುವಂತೆ.

ಅವನೇ ಕಾಯಿ ಒಡೆದ. ನಾನು ಫೋಟೋ ತೆಗೆದು ಓಂಕಾರ್‌ಗೆ ಕಳಿಸಿದೆ. ಅವತ್ತೇ ಬಿತ್ತನೆಯಾಯಿತು. ಒಂದು ವಾರದಲ್ಲಿ ಸಾಲು ಸಾಲಾಗಿ ಹುಟ್ಟಿತು, ಒಂದು ಕಾಳೂ ಸುಳ್ಳಾಗಲಿಲ್ಲ.

ಜುಲೈಯಲ್ಲಿ ಮಳೆ ಬಿಡುವು ಕೊಟ್ಟಿತು. ಪಂಚಮಿಗೆ ಕರೆಯಲು ಅಣ್ಣ ಕಾರು ತಂದ. ಹಸಿರು ಸೀರೆ ಉಡಿಸಿದರು. ಅವ್ವ ಈ ಸಲ ಎದುರಿಗೆ ಕೂತು ಅತ್ತಳು. ಊಟದ ಕೊನೆಗೆ ಅಣ್ಣ ನನ್ನ ತಟ್ಟೆಗೆ ಇನ್ನೊಂದು ಎಳ್ಳುಂಡೆ ಹಾಕಿದ.

“ನಿನ್ನ ಬೆಳೆ ನೋಡಿದ್ಯಾ? ಸೊರಗೈತೆ. ಹೊತ್ತಿಗೆ ಸರಿಯಾಗಿ ಉತ್ತೆ, ಹೊತ್ತಿಗೆ ಸರಿಯಾಗಿ ಬಿತ್ತಿದೆ. ಇನ್ನು ನನ್ನ ಮೇಲೆ ಹೇಳಂಗಿಲ್ಲ. ಆ ಮಣ್ಣೇ ಅಷ್ಟು.”

“ನಿನ್ನದೂ ಅದೇ ಮಣ್ಣಲ್ಲವಾ ಅಣ್ಣ? ನಡುವೆ ಇರೋದು ಒಂದು ಬದು.”

“ದಿನಾ ನೋಡ್ಕೊಳ್ಳೋರ ಹೊಲನೇ ಬೇರೆ. ನನಗೇ ಗುತ್ತಿಗೆಗೆ ಬಿಟ್ಟುಬಿಡು. ದೂರದಿಂದ ಬಂದು ಯಾಕೆ ಒದ್ದಾಡ್ತೀಯ?”

“ಅವನು ಹೇಳಿದಂಗೆ ಕೇಳೇ” ಎಂದಳು ಅವ್ವ. “ಮೊದಲು ಉತ್ತು ಕೊಟ್ಟಿಲ್ವಾ ನಿಂಗೆ?”

ಕೈ ತೊಳೆದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ನಡೆದೆ. ಬದುವಿನ ಆಚೆ ಅವನ ಮೆಕ್ಕೆಜೋಳ ತಲೆ ಮಟ್ಟ, ಕಪ್ಪು ಹಸಿರು. ಈಚೆ ನನ್ನದು ಸೊಂಟ ದಾಟಿರಲಿಲ್ಲ. ಗರಿಗಳು ಸುರುಳಿ ಸುತ್ತಿಕೊಂಡಿದ್ದವು. ಒಂದು ಗಿಡ ಕಿತ್ತೆ. ಸುಲಭವಾಗಿ ಬಂತು. ಬೇರುಗಳು ಸ್ವಲ್ಪ ಕೆಳಗಿಳಿದು, ಅಲ್ಲಿಂದ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡಕ್ಕೆ ತಿರುಗಿದ್ದವು. ಇನ್ನೊಂದು ಕಿತ್ತೆ, ಅದೂ ಹಾಗೇ. ಕೆಳಗೆ ರೆಂಟೆ ಮುಟ್ಟದ ಗಟ್ಟಿ ನೆಲ ಇದ್ದರೆ ಬೇರು ಹೀಗೆ ತಿರುಗುತ್ತದೆ; ಮಳೆ ನಿಂತರೆ ಕೆಳಗಿನ ತೇವ ಅದಕ್ಕೆ ಸಿಗುವುದಿಲ್ಲ. ಬಿತ್ತುವ ಮೊದಲು ಆ ನೆಲದಲ್ಲಿ ಒಂದು ಕಡ್ಡಿ ಚುಚ್ಚಿದ್ದರೂ ತಿಳಿಯುತ್ತಿತ್ತು. ಅವತ್ತು ನಾನು ಫೋಟೋ ತೆಗೆಯುತ್ತಿದ್ದೆ.

ಹೊಲದಂಚಿನ ಗುಡಿಸಲಿನಲ್ಲಿ ಗುದ್ದಲಿ ಇತ್ತು. ನನ್ನ ಬ್ಯಾಗಿನಲ್ಲಿ ಶಾಲೆಯ ಸ್ಟೀಲ್ ಸ್ಕೇಲ್ ಇತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಅಣ್ಣನ ಹೊಲದಲ್ಲಿ ಐದು ಕಡೆ ಅಗೆದು, ಉಳುಮೆಯಿಂದ ಸಡಿಲವಾದ ಮಣ್ಣು ಎಲ್ಲಿಯವರೆಗೆ ಇದೆ ಎಂದು ಅಳೆದೆ. ಸರಾಸರಿ ಇಪ್ಪತ್ಮೂರು ಸೆಂಟಿಮೀಟರ್. ಆಮೇಲೆ ಬದು ದಾಟಿ ನನ್ನದರಲ್ಲಿ ಐದು ಕಡೆ ಅಗೆದೆ. ಉಯ್ಯಾಲೆ ಕಟ್ಟಿದ್ದಾರೆ, ಬಾ ಎಂದು ಅವ್ವ ದೂರದಿಂದ ಕೂಗುತ್ತಿದ್ದಳು.

ನನ್ನ ಹೊಲದ ಸರಾಸರಿ ಒಂಬತ್ತು ಸೆಂಟಿಮೀಟರ್.